ಬಣ್ಣ ಬಿಡುವ ಚೌಕಳಿ ಸ್ಕರ್ಟು: ಒಗೆಯಬೇಕೆ, ಹಾಗೆಯೇ ಇಡಬೇಕೆ?

ಪ್ರಶ್ನೆ: ನಾನು ಹನ್ನೊಂದು ವರ್ಷಗಳಿಂದ ಅಮೆರಿಕದ ಓಹಾಯೊ ರಾಜ್ಯದಲ್ಲಿದ್ದೇನೆ. ಇಲ್ಲಿ ಹಿರಿಯರು ತೀರಿಕೊಂಡ ಮೇಲೆ ಅವರ ಸಾಮಾನುಗಳನ್ನೆಲ್ಲ ಆ ಮನೆಯಲ್ಲೇ ಮಾರಾಟಕ್ಕಿಡುವ ರೂಢಿಯಿದೆ. ಅಂಥ ಮಾರಾಟಗಳಲ್ಲಿ ಸಿಗುವ ಹಳೆಯ ಕ್ಯಾಟಲಾಗ್ ಉಡುಪುಗಳನ್ನು ಕೊಂಡು ಕೂಡಿಡುವುದು ನನ್ನ ಹವ್ಯಾಸ. ಕಳೆದ ತಿಂಗಳು ಮೊಣಕಾಲುದ್ದದ ಒಂದು ಹತ್ತಿ ಸ್ಕರ್ಟ್ ಸಿಕ್ಕಿತು. ಕೆಂಪು, ಹಳದಿ, ನೀಲಿ ಚೌಕಳಿ, ಎಡಬದಿಗೆ ಲೋಹದ ಜಿಪ್. ಸೊಂಟಪಟ್ಟಿಯ ಒಳಗಿನ ಚೀಟಿಯಲ್ಲಿ ‘100% ಹತ್ತಿ, ಭಾರತದ ಕೈಮಗ್ಗದ ಬಟ್ಟೆ’ ಎಂಬ ಅರ್ಥದ ಸಾಲು ಮತ್ತು ಐದಂಕಿಯ ಒಂದು ಆರ್‌ಎನ್ ಸಂಖ್ಯೆ (ಸಂಸ್ಥೆಯ ನೋಂದಣಿ ಸಂಖ್ಯೆ) ಇವೆ. ಪಕ್ಕದ ಹೊಲಿಗೆಯಲ್ಲಿ ಕಾರ್ಮಿಕ ಸಂಘದ ಚಿಕ್ಕ ಚೀಟಿಯಿದೆ. ಮಾರಿದವರು ಅದು 1950ರ ದಶಕದ ಅಪ್ಪಟ ‘ಬ್ಲೀಡಿಂಗ್ ಮದ್ರಾಸ್’ ಎಂದು ಹೇಳಿ 85 ಡಾಲರ್ ತೆಗೆದುಕೊಂಡರು. ಅಳತೆ 12 ಎಂದಿದೆ, ಆದರೆ 6ನೇ ಅಳತೆ ತೊಡುವ ನನಗೇ ಸೊಂಟ ಕೂಡುತ್ತಿಲ್ಲ. ಮುಂಭಾಗದಲ್ಲಿ ಹಳದಿ ಕಲೆಗಳಿವೆ, ಸೊಂಟಪಟ್ಟಿಯಲ್ಲಿ ತುಕ್ಕಿನ ಗುರುತು ಇದೆ, ಜೊತೆಗೆ ಮುಗ್ಗಲು ವಾಸನೆ. ಬಾಗಲಕೋಟೆಯಲ್ಲಿರುವ ಅಮ್ಮ, ‘ರಾತ್ರಿಯಿಡೀ ಉಪ್ಪುನೀರಿನಲ್ಲಿ ನೆನೆಸು, ಬಣ್ಣ ಕೂರುತ್ತದೆ, ಆಮೇಲೆ ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿಡು’ ಎನ್ನುತ್ತಾರೆ. ಸ್ಕರ್ಟು ನಿಜಕ್ಕೂ ಅಷ್ಟು ಹಳೆಯದೆ? ಒಗೆಯಬಹುದೆ? ಸೊಂಟ ಬಿಡಿಸಬಹುದೆ? ಕೊಟ್ಟ ಬೆಲೆ ನ್ಯಾಯವೆ?

ಉತ್ತರ: ನೀವು ನಾಲ್ಕು ಪ್ರಶ್ನೆಗಳನ್ನು ಕೇಳಿದ್ದೀರಿ, ಆದರೆ ನಾಲ್ಕರ ಹಿಂದೆಯೂ ಇರುವುದು ಒಂದೇ ತೊಳಲಾಟ: ಇದನ್ನು ತೊಡುವ ಬಟ್ಟೆಯೆಂದು ನೋಡಬೇಕೋ, ಕಾಪಿಡುವ ವಸ್ತುವೆಂದು ನೋಡಬೇಕೋ? ಅದನ್ನು ತೀರ್ಮಾನಿಸದೆ ಒಗೆಯುವ, ಸೊಂಟ ಬಿಡಿಸುವ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ಒಮ್ಮೆ ನೀರಿಗೆ ಇಳಿಸಿದ ಹಳೆಯ ಬಟ್ಟೆಯನ್ನು ಮತ್ತೆ ಮೊದಲಿನ ಸ್ಥಿತಿಗೆ ತರುವ ವಿದ್ಯೆ ಯಾರ ಬಳಿಯೂ ಇಲ್ಲ. ಜವಳಿ ಸಂರಕ್ಷಣೆಯ ಕೆಲಸದಲ್ಲಿ ನನ್ನ ಮೇಜಿಗೆ ಬರುವ ಬಟ್ಟೆಗಳಲ್ಲಿ ಬಹುಪಾಲು ಒಗೆದು ಕೆಟ್ಟ ಮೇಲೆಯೇ ಬರುತ್ತವೆ. ನೀವು ಒಗೆಯುವ ಮೊದಲೇ ಕೇಳಿದ್ದೀರಿ. ಹಾಗಾಗಿ ಸ್ಕರ್ಟನ್ನು ಬಕೆಟ್ಟಿನಿಂದ ದೂರವಿಟ್ಟು ಮೊದಲು ಅದರ ವಯಸ್ಸನ್ನು ಓದೋಣ.

ಕ್ಯಾಟಲಾಗ್ ಉಡುಪು ಎಂದರೇನೆಂದು ಇತರ ಓದುಗರಿಗಾಗಿ ಒಂದೆರಡು ಮಾತು. ನಮ್ಮಲ್ಲಿ ವಿ.ಪಿ.ಪಿ. (ಅಂಚೆಯವರಿಗೆ ಹಣ ಕೊಟ್ಟು ಬಿಡಿಸಿಕೊಳ್ಳುವ ಪಾರ್ಸೆಲ್) ಮೂಲಕ ಪುಸ್ತಕ, ಟ್ರಾನ್ಸಿಸ್ಟರ್ ತರಿಸಿಕೊಳ್ಳುತ್ತಿದ್ದ ಕಾಲವನ್ನು ನೆನೆಸಿಕೊಳ್ಳಿ. ಅಮೆರಿಕದಲ್ಲಿ ಅದೇ ವ್ಯವಸ್ಥೆ ಒಂದು ಇಡೀ ದೇಶಕ್ಕೆ ಬಟ್ಟೆ ತೊಡಿಸುವಷ್ಟು ದೊಡ್ಡದಾಗಿ ಬೆಳೆಯಿತು. ಮಾಂಟ್ಗೊಮರಿ ವಾರ್ಡ್ ಸಂಸ್ಥೆ 1872ರಲ್ಲಿ ಒಂದೇ ಹಾಳೆಯ ಬೆಲೆಪಟ್ಟಿಯಿಂದ ಆರಂಭಿಸಿತು. ಅದರ ಹಿಂದೆಯೇ ಬಂದ ಸಿಯರ್ಸ್ ಸಂಸ್ಥೆಯ ಕ್ಯಾಟಲಾಗ್ ಇಟ್ಟಿಗೆಯಷ್ಟು ದಪ್ಪಗಾಯಿತು. 1896ರಲ್ಲಿ ಹಳ್ಳಿಯ ಮನೆಗಳಿಗೆ ಅಂಚೆಯ ಉಚಿತ ಬಟವಾಡೆ ಶುರುವಾಗಿ, 1913ರಲ್ಲಿ ಪಾರ್ಸೆಲ್ ಅಂಚೆಯೂ ಬಂದ ಮೇಲೆ ಪೇಟೆಯ ಅಂಗಡಿಯನ್ನೇ ಕಾಣದ ರೈತ ಕುಟುಂಬಗಳು ಕೂಡ ಚಿತ್ರ ನೋಡಿ ಸ್ಕರ್ಟು ತರಿಸಿಕೊಳ್ಳುವಂತಾಯಿತು. ಮಾಂಟ್ಗೊಮರಿ ವಾರ್ಡ್ ತನ್ನ ಕ್ಯಾಟಲಾಗನ್ನು 1985ರಲ್ಲಿ ನಿಲ್ಲಿಸಿತು, ಸಿಯರ್ಸ್ ತನ್ನ ದೊಡ್ಡ ಕ್ಯಾಟಲಾಗನ್ನು 1993ರಲ್ಲಿ ನಿಲ್ಲಿಸಿತು. ಸಂಗ್ರಾಹಕರಿಗೆ ಈ ಇತಿಹಾಸದಲ್ಲಿ ಮುಖ್ಯವಾದ ಸಂಗತಿಯೊಂದೇ: ಇವು ಸಾವಿರಗಟ್ಟಲೆ ಸಂಖ್ಯೆಯಲ್ಲಿ ತಯಾರಾದ ಸಾಮಾನ್ಯರ ಉಡುಪುಗಳು, ಮತ್ತು ಇವುಗಳಿಗೆ ಚಿತ್ರ, ಬೆಲೆ, ಅಳತೆ ಸಮೇತ ಅಚ್ಚಾದ ಜಾತಕವೊಂದು ಎಲ್ಲೋ ಒಂದು ಪುಟದಲ್ಲಿ ಉಳಿದಿರುತ್ತದೆ. ದುಬಾರಿ ದರ್ಜಿಯ ಕೈಯಲ್ಲಿ ಹೊಲಿಸಿದ ಗೌನಿಗೂ ಆ ಭಾಗ್ಯವಿಲ್ಲ.

ಈಗ ನಿಮ್ಮ ಸ್ಕರ್ಟಿನ ವಯಸ್ಸು. ಮಾರಿದವರು 1950ರ ದಶಕ ಎಂದಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ, ಮತ್ತು ಅದನ್ನು ಹೇಳುವುದು ನೀವೇ ಬರೆದ ‘100% ಹತ್ತಿ’ ಎಂಬ ಸಾಲು. ಉಡುಪಿನಲ್ಲಿ ಯಾವ ನಾರು ಶೇಕಡಾ ಎಷ್ಟಿದೆ ಎಂದು ಚೀಟಿಯಲ್ಲಿ ನಮೂದಿಸಲೇಬೇಕೆಂಬ ಅಮೆರಿಕದ ಕಾನೂನು 1958ರಲ್ಲಿ ಅಂಗೀಕಾರವಾಗಿ 1960ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಅದಕ್ಕೂ ಮೊದಲು ಕೆಲವರು ತಾವಾಗಿಯೇ ಹಾಕುತ್ತಿದ್ದರು, ನಿಜ. ಆದರೆ ಶೇಕಡಾವಾರು ಲೆಕ್ಕ, ಆರ್‌ಎನ್ ಸಂಖ್ಯೆ ಎರಡೂ ಒಟ್ಟಿಗೆ ಇರುವ ಚೀಟಿಯನ್ನು 1960ರ ನಂತರದ್ದೆಂದು ಹಿಡಿಯುವುದೇ ಸುರಕ್ಷಿತ. ಇನ್ನು ಕೊನೆಯ ಗಡಿ. ಒಗೆಯುವ ವಿಧಾನವನ್ನು ಉಡುಪಿಗೇ ಹೊಲಿದ ಚೀಟಿಯಲ್ಲಿ ಕೊಡಬೇಕೆಂಬ ನಿಯಮ 1972ರ ಜುಲೈನಲ್ಲಿ ಬಂತು. ನಿಮ್ಮ ಪತ್ರದಲ್ಲಿ ಅಂಥ ಚೀಟಿಯ ಮಾತಿಲ್ಲ. ಆದರೆ ‘ಇಲ್ಲ’ ಎಂದು ತೀರ್ಮಾನಿಸುವ ಮುನ್ನ ಸೊಂಟಪಟ್ಟಿಯ ಕೆಳಗಿನ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಚುಚ್ಚುತ್ತದೆಂದು ಚೀಟಿಯನ್ನು ಕತ್ತರಿಸಿ ತೆಗೆಯುವವರು ಆಗಲೂ ಇದ್ದರು, ಹಾಗೆ ತೆಗೆದ ಕಡೆ ಹೊಲಿಗೆಯ ನಡುವೆ ಒಂದು ನವಿರಾದ ಮೊಂಡುತುಂಡು ಉಳಿದಿರುತ್ತದೆ.

ಕಾರ್ಮಿಕ ಸಂಘದ ಚೀಟಿ ಈ ಎರಡು ಗಡಿಗಳ ನಡುವೆ ಇನ್ನಷ್ಟು ನೆರವಾಗುತ್ತದೆ. ಅದು ಬಹುಮಟ್ಟಿಗೆ ಅಂತರರಾಷ್ಟ್ರೀಯ ಮಹಿಳಾ ಉಡುಪು ಕಾರ್ಮಿಕರ ಸಂಘದ್ದು, ಅಂದರೆ ಐಎಲ್‌ಜಿಡಬ್ಲ್ಯುಯು ಎಂಬ ಅಕ್ಷರಗಳುಳ್ಳದ್ದು. 1900ರಲ್ಲಿ ಹುಟ್ಟಿದ ಈ ಸಂಘ 1995ರಲ್ಲಿ ಬೇರೊಂದು ಸಂಘದೊಡನೆ ವಿಲೀನವಾಯಿತು. ಅಷ್ಟರಲ್ಲಿ ಹಲವು ಬಾರಿ ತನ್ನ ಮುದ್ರೆಯನ್ನು ಬದಲಿಸಿತ್ತು. ಮುದ್ರೆಯಲ್ಲಿ ಎಎಫ್‌ಎಲ್-ಸಿಐಒ ಎಂಬ ಒಕ್ಕೂಟದ ಹೆಸರಿದ್ದರೆ ಅದು 1955ಕ್ಕಿಂತ ಹಿಂದಿನದಾಗಲಾರದು, ಏಕೆಂದರೆ ಎಎಫ್‌ಎಲ್, ಸಿಐಒ ಎಂಬ ಎರಡು ಕಾರ್ಮಿಕ ಒಕ್ಕೂಟಗಳು ಒಂದಾದದ್ದೇ ಆ ವರ್ಷ. ಕೆಂಪು, ಬಿಳಿ, ನೀಲಿ ಮೂರೂ ಬಣ್ಣಗಳಿದ್ದರೆ ಅದು 1974ರಿಂದ 1995ರ ನಡುವಿನದು. ನಿಮ್ಮದರಲ್ಲಿ ನೀಲಿ ಬಣ್ಣವಿಲ್ಲದಿದ್ದರೆ, ಒಗೆಯುವ ಚೀಟಿಯೂ ನಿಜವಾಗಿ ಇಲ್ಲದಿದ್ದರೆ, ಸ್ಕರ್ಟು 1960 ಮತ್ತು 1972ರ ನಡುವೆ ತಯಾರಾದದ್ದೆಂದು ಧೈರ್ಯವಾಗಿ ಬರೆದಿಟ್ಟುಕೊಳ್ಳಬಹುದು. ಈ ಚೀಟಿ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ: ಬಟ್ಟೆ ಭಾರತದ್ದು, ಹೊಲಿಗೆ ಅಮೆರಿಕದ್ದು. ಮದ್ರಾಸಿನ ಸುತ್ತಮುತ್ತ ಯಾವನೋ ನೇಕಾರ ಹಾಸು ಹೊಕ್ಕು ಕೂಡಿಸಿದ ಥಾನು ಹಡಗಿನಲ್ಲಿ ಹೋಗಿ, ಅಲ್ಲಿನ ಕಾರ್ಖಾನೆಯಲ್ಲಿ ಸಂಘದ ಸದಸ್ಯೆಯಾಗಿದ್ದ ಯಾರೋ ಹೆಂಗಸಿನ ಯಂತ್ರದಡಿ ಸ್ಕರ್ಟಾಗಿದೆ.

ವಯಸ್ಸು ಹೇಳುವ ವಿಷಯದಲ್ಲಿ ಸಂಗ್ರಾಹಕರ ನಡುವೆ ಓಡಾಡುವ ಕೆಲವು ನಂಬಿಕೆಗಳನ್ನು ಇಲ್ಲಿಯೇ ಪಕ್ಕಕ್ಕಿಡೋಣ. ಆರ್‌ಎನ್ ಸಂಖ್ಯೆಯಿಂದ ಒಂದು ಮೊತ್ತವನ್ನು ಕಳೆದು, ಇನ್ನೊಂದರಿಂದ ಭಾಗಿಸಿ, 1959ನ್ನು ಕೂಡಿಸಿದರೆ ಉಡುಪಿನ ವರ್ಷ ಬರುತ್ತದೆ ಎಂಬ ಸೂತ್ರವೊಂದಿದೆ. ಆರ್‌ಎನ್ ಎಂಬುದು ಅಮೆರಿಕದ ವ್ಯಾಪಾರ ಆಯೋಗ ತಯಾರಕರಿಗೋ ಮಾರಾಟಗಾರರಿಗೋ ಕೊಟ್ಟ ನೋಂದಣಿ ಸಂಖ್ಯೆ. 13670ರಿಂದ ಮುಂದಿನವು 1959ರಿಂದೀಚೆಗೆ ಕೊಟ್ಟವು. ಸೂತ್ರ ಲೆಕ್ಕ ಹಾಕುವುದು ಸಂಸ್ಥೆ ನೋಂದಾಯಿಸಿಕೊಂಡ ಅಂದಾಜು ಕಾಲವನ್ನೇ ಹೊರತು ಸ್ಕರ್ಟು ಹೊಲಿದ ಕಾಲವನ್ನಲ್ಲ. 1960ರಲ್ಲಿ ಸಿಕ್ಕ ಸಂಖ್ಯೆಯನ್ನು ಒಂದು ಸಂಸ್ಥೆ ಮೂವತ್ತು ವರ್ಷ ಬಳಸಿರಬಹುದು. ಆ ಸಂಖ್ಯೆಯನ್ನು ಆಯೋಗದ ಜಾಲತಾಣದಲ್ಲಿ ಹಾಕಿ ಸಂಸ್ಥೆಯ ಹೆಸರನ್ನು ತಿಳಿದುಕೊಳ್ಳುವುದಕ್ಕೆ ಮಾತ್ರ ಬಳಸಿ, ಅದಕ್ಕೆ ದುಡ್ಡೂ ಬೇಕಾಗಿಲ್ಲ. ಲೋಹದ ಜಿಪ್ ಇದ್ದರೆ 1960ಕ್ಕಿಂತ ಹಿಂದಿನದು ಎಂಬುದೂ ಹಾಗೆಯೇ: ಸ್ಕರ್ಟುಗಳಲ್ಲಿ ನೈಲಾನ್ ಜಿಪ್ 1960ರ ದಶಕದಲ್ಲಿ ಹಂತಹಂತವಾಗಿ ಬಂತು, ಲೋಹದ್ದು ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಒಳಹೊಲಿಗೆಯಲ್ಲಿ ಓವರ್‌ಲಾಕ್ ಇದ್ದರೆ ಈಚಿನದು ಎನ್ನುವವರಿಗೆ ಮೆರೋ ಕಂಪನಿ ಅಂಥ ಯಂತ್ರವನ್ನು 1880ರ ದಶಕದಲ್ಲೇ ಮಾಡಿತ್ತೆಂಬುದು ಗೊತ್ತಿರುವುದಿಲ್ಲ. ನೇರಳಾತೀತ ಟಾರ್ಚು ಬಿಟ್ಟು ‘ದಾರ ಹೊಳೆಯಿತು, ನಕಲಿ’ ಎನ್ನುವವರೂ ಇದ್ದಾರೆ. ಇಂದಿನ ಡಿಟರ್ಜೆಂಟಿನಲ್ಲಿರುವ ಹೊಳಪುಕಾರಕ ಹತ್ತಿಗೆ ಅಂಟಿದರೆ ನಿಮ್ಮ ಅಜ್ಜಿಯ ಸೀರೆಯೂ ಹಾಗೆಯೇ ಹೊಳೆಯುತ್ತದೆ.

ಇವೆಲ್ಲಕ್ಕಿಂತ ಗಟ್ಟಿಯಾದ ಸಾಕ್ಷಿ ಕ್ಯಾಟಲಾಗಿನ ಪುಟ. ಚೀಟಿಯ ಮೇಲಿನ ಹೆಸರು ಯಾವ ಸಂಸ್ಥೆಯದೆಂದು ತಿಳಿದ ಮೇಲೆ ಆ ಹನ್ನೆರಡು ವರ್ಷಗಳ ವಸಂತ-ಬೇಸಿಗೆ ಸಂಚಿಕೆಗಳನ್ನಷ್ಟೇ ಹುಡುಕಿದರೆ ಸಾಕು, ಏಕೆಂದರೆ ಇಂಥ ತೆಳುಹತ್ತಿಯನ್ನು ಚಳಿಗಾಲದ ಸಂಚಿಕೆಯಲ್ಲಿ ಮಾರುತ್ತಿರಲಿಲ್ಲ. ದೊಡ್ಡ ಸಂಸ್ಥೆಗಳ ಕ್ಯಾಟಲಾಗುಗಳು ಅಲ್ಲಿನ ಗ್ರಂಥಾಲಯಗಳಲ್ಲಿ ಮೈಕ್ರೋಫಿಲ್ಮಿನಲ್ಲಿ ಸಿಗುತ್ತವೆ. ಚೌಕಳಿಯ ವಿನ್ಯಾಸ ಚಿತ್ರದೊಂದಿಗೆ ಕರಾರುವಾಕ್ಕಾಗಿ ಹೊಂದಬೇಕೆಂದು ಹಠ ಹಿಡಿಯಬೇಡಿ. ಕೈಮಗ್ಗದ ಥಾನುಗಳು ಒಂದರಂತೆ ಒಂದು ಇರುತ್ತಿರಲಿಲ್ಲ, ಚಿತ್ರಗಳನ್ನೂ ಅಚ್ಚಿಗೆ ಮುನ್ನ ತಿದ್ದುತ್ತಿದ್ದರು. ಸೊಂಟಪಟ್ಟಿಯ ಅಗಲ, ಜಿಪ್ ಇರುವ ಬದಿ, ಜೇಬು, ನೆರಿಗೆಗಳ ಲೆಕ್ಕ, ಗುಂಡಿಯ ಜಾಗ ಇವು ಹೊಂದಿದರೆ ಸಾಕು.

ಇನ್ನು ‘ಬ್ಲೀಡಿಂಗ್ ಮದ್ರಾಸ್’. ಒಗೆದಾಗ ಬಣ್ಣ ಬಿಟ್ಟು ಒಂದು ಗೆರೆಯ ಬಣ್ಣ ಇನ್ನೊಂದಕ್ಕೆ ಹರಿದು ಮಸುಕಾಗುವ ಚೌಕಳಿ ಬಟ್ಟೆಗೆ ಅಮೆರಿಕದವರು ಇಟ್ಟ ಹೆಸರು ಇದು. ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದ, ಕಣ್ಣೂರಿನ ಸಿ.ಪಿ. ಕೃಷ್ಣನ್ ನಾಯರ್ ಆಗ ಕೈಮಗ್ಗದ ಬಟ್ಟೆ ರಫ್ತು ಮಾಡುತ್ತಿದ್ದರು. 1958ರ ಸುಮಾರಿಗೆ ಅಮೆರಿಕದ ಆಮದುದಾರರೊಬ್ಬರಿಗೆ ಕಳಿಸಿದ ಥಾನುಗಳ ಬಗ್ಗೆ ಅವರು ಹೇಳಿಕೊಂಡ ಕಥೆ ಪ್ರಸಿದ್ಧ: ತಣ್ಣೀರಿನಲ್ಲಿ, ಮೆಲ್ಲಗೆ ಒಗೆಯಬೇಕೆಂಬ ಸೂಚನೆ ಗಿರಾಕಿಗಳವರೆಗೆ ತಲುಪಲೇ ಇಲ್ಲ, ಯಂತ್ರಕ್ಕೆ ಹಾಕಿದವರ ಬಟ್ಟೆಗಳೆಲ್ಲ ಬಣ್ಣ ಬಿಟ್ಟವು, ದೂರುಗಳು ಸುರಿದವು, ಕೊನೆಗೆ ಜಾಹೀರಾತಿನವರು ‘ಬಣ್ಣ ಬಿಡುವುದು ಖಾತ್ರಿ’ ಎಂಬುದನ್ನೇ ಹೆಗ್ಗಳಿಕೆಯಾಗಿ ಮಾರಿದರು. ದೋಷವನ್ನೇ ಗುಣವೆಂದು ಮಾರಿದ ಆ ಜಾಣತನದ ಫಲವಾಗಿ ಇಂದಿಗೂ ಉಳಿದಿರುವ ತಪ್ಪು ತಿಳಿವಳಿಕೆಯೆಂದರೆ, ಬಣ್ಣ ಬಿಡದಿದ್ದರೆ ಅದು ಅಸಲಿ ಮದ್ರಾಸ್ ಅಲ್ಲ ಎಂಬುದು. ಇದನ್ನು ನಂಬಿ ಪರೀಕ್ಷೆಗೆಂದೇ ಬಟ್ಟೆಯನ್ನು ನೆನೆಸಿ ನೋಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಹಲವು ಬಾರಿ ಒಗೆದ ಸ್ಕರ್ಟು ತನ್ನ ಸಡಿಲ ಬಣ್ಣವನ್ನೆಲ್ಲ ಎಂದೋ ಬಿಟ್ಟಿರಬಹುದು. ಗಟ್ಟಿಬಣ್ಣದ ನೂಲಿನಿಂದ ನೇಯ್ದ ಕೈಮಗ್ಗದ ಚೌಕಳಿಯೂ ಆಗಲೇ ಬರುತ್ತಿತ್ತು.

ಕೈಮಗ್ಗವೋ ಅಲ್ಲವೋ ಎಂಬುದನ್ನು ನೀರು ತಾಕಿಸದೆ ನೋಡಿಯೇ ತಿಳಿಯಬಹುದು. ಸ್ಕರ್ಟನ್ನು ತಿರುವಿ ಒಳಬದಿ ನೋಡಿ. ಬಣ್ಣ ಹಾಕಿದ ನೂಲಿನಿಂದ ನೇಯ್ದದ್ದಾದರೆ ಒಳಗೂ ಹೊರಗೂ ಬಣ್ಣ ಒಂದೇ. ಅಚ್ಚು ಹಾಕಿದ ಚೌಕಳಿಯಾದರೆ ಒಳಬದಿ ಪೇಲವ. ಅನಂತರ ಒಂದು ಭೂತಕನ್ನಡಿ ಹಿಡಿದು ಹೊಲಿಗೆಯ ಒಳಗೆ ಉಳಿದಿರುವ ಬಟ್ಟೆಯ ಅಂಚನ್ನು, ಸೀರೆಯಲ್ಲಾದರೆ ದಡ ಎನ್ನುತ್ತೇವಲ್ಲ, ಅದನ್ನು ಹುಡುಕಿ. ಮಗ್ಗದ ಮೇಲೆ ಬಟ್ಟೆಯನ್ನು ಅಗಲಕ್ಕೆ ಎಳೆದು ಹಿಡಿಯುವ ಕಡ್ಡಿಯ ಮೊನೆಗಳು ಚುಚ್ಚಿದ ಸೂಜಿಮೊನೆಯಷ್ಟು ತೂತುಗಳು ಆ ಅಂಚಿನ ಪಕ್ಕದಲ್ಲಿ ಸಾಲಾಗಿ, ಆದರೆ ಏರುಪೇರಾಗಿ ಕಾಣಿಸಿದರೆ, ಅಲ್ಲಲ್ಲಿ ದಪ್ಪಗಾಗುವ ನೂಲು, ಒಂದೇ ಅಗಲದಲ್ಲಿರದ ಗೆರೆಗಳು ಸಿಕ್ಕರೆ, ನಿಮ್ಮ ಚೀಟಿ ಸುಳ್ಳು ಹೇಳುತ್ತಿಲ್ಲ.

ಈಗ ಒಗೆಯುವ ವಿಷಯ, ಮತ್ತು ನಿಮ್ಮ ತಾಯಿಯವರ ಉಪ್ಪುನೀರು. ಅವರನ್ನು ತಪ್ಪೆನ್ನಲು ನನಗೆ ಬಾಯಿಲ್ಲ, ಏಕೆಂದರೆ ವೃತ್ತಿಯ ಮೊದಲ ವರ್ಷಗಳಲ್ಲಿ ನಾನೂ ಅದನ್ನೇ ಮಾಡಿದ್ದೇನೆ. ಒಂದು ಕುಟುಂಬ ಒಪ್ಪಿಸಿದ್ದ, ಬಿಳಿ ಒಳಪದರವಿದ್ದ ಕೆಂಪು ಚೌಕಳಿ ಕುಪ್ಪಸವನ್ನು ಉಪ್ಪು ಬೆರೆಸಿದ ನೀರಿನಲ್ಲಿಟ್ಟು ಊಟಕ್ಕೆ ಹೋದೆ. ಬರುವಷ್ಟರಲ್ಲಿ ಒಳಪದರ ದಾಳಿಂಬೆ ಹೂವಿನ ಬಣ್ಣಕ್ಕೆ ತಿರುಗಿತ್ತು. ಉಪ್ಪಿನ ಕೆಲಸ ಬಣ್ಣ ಹಾಕುವ ಹಂಡೆಯಲ್ಲಿ: ನೀರಿನಲ್ಲಿರುವ ಕೆಲವು ಬಗೆಯ ಬಣ್ಣಗಳನ್ನು ಹತ್ತಿಯ ಕಡೆಗೆ ತಳ್ಳಲು ಅದು ನೆರವಾಗುತ್ತದೆ. ಆಗಲೇ ಬಟ್ಟೆಯಲ್ಲಿ ಸಡಿಲವಾಗಿ ಕೂತಿರುವ ಬಣ್ಣವನ್ನು ಬಂಧಿಸುವ ಶಕ್ತಿ ಅದಕ್ಕಿಲ್ಲ. ವಿನೆಗರಿನ ಕಥೆಯೂ ಅಷ್ಟೇ. ಆಮ್ಲ ನೆರವಾಗುವುದು ರೇಷ್ಮೆ, ಉಣ್ಣೆಗಳಿಗೆ ಹಾಕುವ ಬಣ್ಣಗಳಿಗೆ, ಹತ್ತಿಗಲ್ಲ. ಹಿಂದೆ ಹೊಸ ಸೀರೆಯನ್ನು ಉಪ್ಪುನೀರಿನಲ್ಲಿ ನೆನೆಸಿದಾಗ ಎರಡನೆಯ ಒಗೆತದಲ್ಲಿ ಬಣ್ಣ ಕಡಿಮೆ ಹೋಗುತ್ತಿದ್ದುದಕ್ಕೆ ಮುಖ್ಯ ಕಾರಣ, ಹೋಗಬೇಕಾದ ಬಣ್ಣ ಮೊದಲ ನೆನೆತದಲ್ಲೇ ಹೋಗಿರುತ್ತಿದ್ದದ್ದು. ಅರವತ್ತು ವರ್ಷ ಹಳೆಯ ಸ್ಕರ್ಟಿಗೆ ‘ರಾತ್ರಿಯಿಡೀ’ ಎಂಬುದೇ ಅಪಾಯದ ಮಾತು.

ಸಾಬೂನಿನ ಅಪಾಯ ಬೇರೆ ತೆರನಾದದ್ದು. ಹಳದಿ ಗೆರೆಗಳು ಅರಿಸಿನದ ಬಣ್ಣದವಾಗಿದ್ದರೆ (ಹಳೆಯ ಮದ್ರಾಸ್ ಚೌಕಳಿಯಲ್ಲಿ ಇದು ಅಪರೂಪವಲ್ಲ) ಕ್ಷಾರ ತಾಕಿದೊಡನೆ ಅವು ಕೆಂಪಗಾಗುತ್ತವೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಓಕುಳಿ ಮಾಡಿದವರಿಗೆ, ಸಾರು ಚೆಲ್ಲಿದ ಬಿಳಿ ಅಂಗಿಗೆ ಸಾಬೂನು ಹಚ್ಚಿ ಬೆಚ್ಚಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಮಾನ್ಯ ಬಟ್ಟೆಪುಡಿಗಳೆಲ್ಲ ಕ್ಷಾರೀಯ. ಅರಿಸಿನದ ಬಣ್ಣ ಬಿಸಿಲಿಗೂ ನಿಲ್ಲುವುದಿಲ್ಲ, ಆದ್ದರಿಂದ ಮುಗ್ಗಲು ವಾಸನೆ ಹೋಗಲೆಂದು ಅಂಗಳದ ಬಿಸಿಲಿಗೆ ಹರವುವುದನ್ನೂ ಕೈಬಿಡಿ.

ಹಳದಿ ಕಲೆಗಳಿಗೆ ಕಾರಣ ಬಹುಶಃ ಎಂದೋ ಚೆಲ್ಲಿದ ಸಿಹಿಪಾನೀಯ, ಬೆವರು, ಅಥವಾ ಸರಿಯಾಗಿ ಜಾಲಾಡದೆ ಉಳಿದ ಸಾಬೂನು. ಚೆಲ್ಲಿದಾಗ ಬಣ್ಣವಿಲ್ಲದ ಸಕ್ಕರೆಯ ಅಂಶ ವರ್ಷಗಳ ಕಾಲ ಗಾಳಿಯೊಡನೆ ವರ್ತಿಸಿ ಕಂದುತ್ತದೆ. ಅದಕ್ಕೇ ಒಳ್ಳೆಯ ಸ್ಥಿತಿಯಲ್ಲಿ ಮಡಿಚಿಟ್ಟ ಬಟ್ಟೆಯಲ್ಲಿ ‘ತಾನಾಗಿ’ ಕಲೆ ಮೂಡಿದಂತೆ ಕಾಣುವುದು. ತುಕ್ಕು ಇದಕ್ಕಿಂತ ಕೇಡಿಗ. ಕಬ್ಬಿಣದ ಅಂಶ ಹತ್ತಿಯ ನಾರಿನ ಸವೆತವನ್ನು ತ್ವರೆಗೊಳಿಸುತ್ತದೆ, ಕಾಲಾಂತರದಲ್ಲಿ ಕಲೆಯಿದ್ದಲ್ಲಿ ತೂತೇ ಬೀಳುತ್ತದೆ. ತುಕ್ಕಿನ ಮೇಲೆ ಕ್ಲೋರಿನ್ ಬ್ಲೀಚ್ ಹಾಕಿದರೆ ಆ ಕಾಲಾಂತರ ಒಂದು ಮಧ್ಯಾಹ್ನಕ್ಕೆ ಇಳಿಯುತ್ತದೆ. ನಿಂಬೆರಸ ತುಕ್ಕನ್ನು ಕರಗಿಸುವುದು ನಿಜ, ಬಿಳಿ ಹತ್ತಿಯ ಮೇಲೆ ನಾನೂ ಅದೇ ಜಾತಿಯ ದುರ್ಬಲ ಆಮ್ಲವನ್ನು ಅಳತೆ ಮಾಡಿ ಬಳಸಿ, ಕೂಡಲೇ ಪೂರ್ತಿ ತೊಳೆದು ತೆಗೆಯುತ್ತೇನೆ. ಆದರೆ ಬಣ್ಣದ ಚೌಕಳಿಯ ಮೇಲೆ ಅದು ತುಕ್ಕಿನ ಜೊತೆಗೆ ಸುತ್ತಲಿನ ಬಣ್ಣವನ್ನೂ ಕರೆದೊಯ್ಯಬಹುದು. ಸೊಂಟಪಟ್ಟಿಯ ಆ ಗುರುತನ್ನು ಹಾಗೆಯೇ ಬಿಡಿ, ಬೆಲ್ಟಿನಡಿ ಮರೆಯಾಗುತ್ತದೆ. ಕೊಕ್ಕೆಯೋ ಪಿನ್ನೋ ಇನ್ನೂ ಅಲ್ಲಿದ್ದರೆ ಮಾತ್ರ ಇಂದೇ ತೆಗೆದುಹಾಕಿ.

ಹಾಗಾದರೆ ಮಾಡಬಹುದಾದದ್ದೇನು? ಮೊದಲು ನೀರಿನ ಪರೀಕ್ಷೆ. ಕೆಳಅಂಚಿನ ಒಳಮಡಿಕೆಯಲ್ಲಿ ಪ್ರತಿಯೊಂದು ಬಣ್ಣದ ಮೇಲೂ ಒಂದೊಂದು ಹನಿ ತಣ್ಣೀರು ಬಿಟ್ಟು, ಬಿಳಿ ಹತ್ತಿಯ ತುಂಡನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಆ ಜಾಗ ಒಣಗಿದ ಮೇಲೆ ನೀವು ಬಳಸಲಿರುವ ಸೌಮ್ಯ, ಕ್ಷಾರವಿಲ್ಲದ ದ್ರವವನ್ನು ಬೆರೆಸಿದ ನೀರಿನಿಂದ ಮತ್ತೊಮ್ಮೆ ಹಾಗೆಯೇ ಮಾಡಿ. ಯಾವುದೇ ಒಂದು ಬಣ್ಣ ಬಿಳಿ ತುಂಡಿಗೆ ಎದ್ದು ಬಂದರೂ ಒಗೆಯುವ ಮಾತನ್ನು ಅಲ್ಲಿಗೇ ಬಿಡಿ. ಆಗ ನಿಮಗೆ ಉಳಿಯುವ ದಾರಿ ಒಣ ಶುದ್ಧಿ: ಸ್ಕರ್ಟಿನ ಮೇಲೆ ಸೊಳ್ಳೆಪರದೆಯ ತುಂಡನ್ನು ಹಾಸಿ, ವ್ಯಾಕ್ಯೂಮ್ ಯಂತ್ರವನ್ನು ಅತ್ಯಂತ ಕಡಿಮೆ ಸೆಳೆತಕ್ಕಿಟ್ಟು ಧೂಳು ತೆಗೆಯುವುದು, ನೆರಳಿನಲ್ಲಿ ಫ್ಯಾನಿನ ಗಾಳಿಗೆ ಕೆಲವು ದಿನ ಹರವಿಡುವುದು. ಮುಗ್ಗಲು ವಾಸನೆಯ ದೊಡ್ಡ ಪಾಲು ಇಷ್ಟರಿಂದಲೇ ಹೋಗುತ್ತದೆ. ಹಳದಿ ಕಲೆ ಹೋಗುವುದಿಲ್ಲ.

ಬಣ್ಣ ಎದ್ದು ಬರದಿದ್ದರೆ ತಣ್ಣೀರಿನಲ್ಲಿ ಒಗೆಯಬಹುದು, ಆದರೆ ಒಗೆಯುವುದು ಎಂಬ ಮಾತು ಇಲ್ಲಿ ಕೊಂಚ ಜೋರಾಯಿತು. ಅಗಲವಾದ ತೊಟ್ಟಿಯಲ್ಲಿ ಧಾರಾಳ ನೀರು ತುಂಬಿ, ಬಲೆಬಟ್ಟೆಯ ಮೇಲೆ ಸ್ಕರ್ಟನ್ನು ಹರವಿ, ಬಟ್ಟೆಯನ್ನಲ್ಲ, ಆ ಬಲೆಯನ್ನೇ ಹಿಡಿದು ಇಳಿಸಿ ಎತ್ತಬೇಕು. ನೆನೆದ ಹಳೆಯ ಸ್ಕರ್ಟು ತನ್ನ ಭಾರಕ್ಕೇ ಹೊಲಿಗೆಯಲ್ಲಿ ಹರಿಯಬಲ್ಲದು. ಉಜ್ಜುವುದು, ಹಿಂಡುವುದು ಎರಡೂ ಇಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ನೀರಿನಲ್ಲಿಡದೆ, ನೊರೆ ಪೂರ್ತಿ ಹೋಗುವವರೆಗೆ ಜಾಲಾಡಿ, ಬಿಳಿ ಟವೆಲಿನ ಮೇಲೆ ಚಪ್ಪಟೆಯಾಗಿ ಹರವಿ, ಮೇಲೊಂದು ಟವೆಲ್ ಒತ್ತಿ ನೀರು ಹೀರಿಸಿ ಫ್ಯಾನ್ ಹಾಕಿ. ಬಣ್ಣ ಹರಿಯುವುದು ತೊಟ್ಟಿಯಲ್ಲಿ ಕಡಿಮೆ; ಒದ್ದೆ ಬಟ್ಟೆ ಮುದ್ದೆಯಾಗಿ ಬಿದ್ದಿರುವಾಗ, ನಿಧಾನವಾಗಿ ಒಣಗುವಾಗ ಹೆಚ್ಚು. ಅಂಟುವಾಳ ಬಳಸಲೇ ಎಂದು ಕೆಲವರು ಕೇಳುತ್ತಾರೆ. ಅದು ಸೌಮ್ಯವೇನೋ ಹೌದು, ಆದರೆ ತಿಳಿಬಣ್ಣಕ್ಕೆ ತನ್ನದೇ ಕಂದು ಛಾಯೆ ಬಿಡುತ್ತದೆ, ನಾನು ಬಳಸುವುದಿಲ್ಲ. ಡ್ರೈಕ್ಲೀನಿಂಗ್‌ನಲ್ಲಿ ಬಣ್ಣ ಹರಿಯುವ ಭಯ ಸಾಮಾನ್ಯವಾಗಿ ಕಡಿಮೆ, ಆದರೆ ಸಕ್ಕರೆ, ಬೆವರಿನಂಥ ನೀರಿಗೆ ಕರಗುವ ಕಲೆಗಳ ಮೇಲೆ ಅದರ ಪರಿಣಾಮವೂ ಕಡಿಮೆ, ಯಂತ್ರದ ಉರುಳಾಟವಂತೂ ಹಳೆಯ ಹೊಲಿಗೆಗೆ ಒಳ್ಳೆಯದಲ್ಲ. ಕಲೆ ಹೋಗಲೇಬೇಕು ಎನಿಸಿದರೆ ವಸ್ತುಸಂಗ್ರಹಾಲಯಗಳ ಕೆಲಸ ಮಾಡುವ ಜವಳಿ ಸಂರಕ್ಷಕರಿಗೆ ತೋರಿಸಿ. ಅವರ ಕೂಲಿ ಸ್ಕರ್ಟಿನ ಬೆಲೆಯನ್ನು ಮೀರುವುದು ಖಂಡಿತ.

ಅಳತೆಯ ಬಗ್ಗೆ ನೀವು ಬೇಸರಪಟ್ಟುಕೊಳ್ಳುವ ಅಗತ್ಯವಿಲ್ಲ. ಅಮೆರಿಕದ ಸರ್ಕಾರ 1939-40ರಲ್ಲಿ ಸುಮಾರು 15,000 ಮಹಿಳೆಯರ ಮೈಯಳತೆ ತೆಗೆಸಿತ್ತು. ಅದರ ಆಧಾರದ ಮೇಲೆ 1958ರಲ್ಲಿ ಸಿದ್ಧ ಉಡುಪುಗಳ ಅಳತೆಗೊಂದು ಮಾನಕ ಬಂತು, 1970ರ ಸುಮಾರಿಗೆ ಅದು ಪರಿಷ್ಕಾರಗೊಂಡಿತು, 1983ರಲ್ಲಿ ಮಾನಕವನ್ನೇ ಹಿಂತೆಗೆದುಕೊಂಡರು. ಅನಂತರ ಪ್ರತಿಯೊಂದು ಸಂಸ್ಥೆಯೂ ಗಿರಾಕಿಯನ್ನು ಖುಷಿಪಡಿಸಲು ಸಂಖ್ಯೆಯನ್ನು ಇಳಿಸುತ್ತಾ ಬಂತು. 1960ರ ದಶಕದ 12 ಎಂದರೆ ಸೊಂಟ ಸುಮಾರು 25-26 ಅಂಗುಲ. ಹಳೆಯದನ್ನು ಕೊಳ್ಳುವಾಗ ಚೀಟಿಯ ಸಂಖ್ಯೆಯನ್ನು ಮರೆತು ಟೇಪು ಹಿಡಿಯಿರಿ. ಕ್ಯಾಟಲಾಗಿನ ಅಳತೆಪಟ್ಟಿ ಸಿಕ್ಕರೆ ಅದು ಹೇಳುವುದು ಮೈಯಳತೆಯನ್ನು, ಬಟ್ಟೆಯ ಅಳತೆಯನ್ನಲ್ಲ ಎಂಬುದೂ ನೆನಪಿರಲಿ.

ಸೊಂಟ ಬಿಡಿಸುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ. ಕ್ಯಾಟಲಾಗ್ ಉಡುಪುಗಳಲ್ಲಿ ಹೊಲಿಗೆಯೊಳಗೆ ಬಿಟ್ಟಿರುತ್ತಿದ್ದ ಬಟ್ಟೆ ಕಡಿಮೆ. ನಮ್ಮ ದರ್ಜಿಗಳು ರವಿಕೆಯಲ್ಲಿ ಎರಡೆರಡು ಹೊಲಿಗೆ ಹಾಕಿ ಉದಾರವಾಗಿ ಬಿಡುವಂತೆ ಅಲ್ಲ. ಬಿಡಿಸಿದರೂ ಹಳೆಯ ಹೊಲಿಗೆಯ ಸೂಜಿತೂತುಗಳು ಸಾಲಾಗಿ ಕಾಣುತ್ತವೆ, ಒಳಗೆ ಅಡಗಿದ್ದ ಬಟ್ಟೆ ಮಾಸದೆ ಗಾಢ ಪಟ್ಟೆಯಾಗಿ ಎದ್ದು ತೋರುತ್ತದೆ. ತೊಡಲೇಬೇಕೆಂದಿದ್ದರೆ ಗುಂಡಿಯಿಂದ ಕಾಜದವರೆಗೆ ಒಂದು ಚಿಕ್ಕ ಬೇರೆ ಪಟ್ಟಿಯನ್ನು ಸೇರಿಸಿ, ಜಿಪ್ಪಿನ ಮೇಲ್ಭಾಗವನ್ನು ತೆರೆದೇ ಬಿಟ್ಟು, ಮೇಲೆ ಸಡಿಲ ಅಂಗಿ ಹಾಕಿಕೊಳ್ಳಿ. ಒಂದೆರಡು ಅಂಗುಲ ಹೀಗೆ ದಕ್ಕುತ್ತದೆ. ಯಾವ ಹೊಲಿಗೆಗಾದರೂ ಹತ್ತಿ ದಾರವನ್ನೇ ಬಳಸಿ. ಪಾಲಿಯೆಸ್ಟರ್ ದಾರ ಹಳೆಯ ಹತ್ತಿಗಿಂತ ಬಲವಾದದ್ದು, ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಕತ್ತರಿಸಿಹೋಗುತ್ತದೆ.

85 ಡಾಲರಿನ ಬಗ್ಗೆ ನೇರವಾಗಿ ಹೇಳುವುದಾದರೆ, ಕಲೆಗಳಿರುವ ಸ್ಕರ್ಟಿಗೆ ಅದು ತುಸು ಹೆಚ್ಚಾಯಿತು. ಕೊಟ್ಟ ದುಡ್ಡು ಬೆಳೆಯಲೆಂದು ಕ್ಯಾಟಲಾಗ್ ಉಡುಪುಗಳನ್ನು ಕೊಳ್ಳಬೇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ. ಕ್ಯಾಟಲಾಗಿನ ಪುಟ, ಚೀಟಿಗಳ ಚಿತ್ರ, ಯಾವ ಊರಿನ ಎಂಥ ಮನೆಯಿಂದ ಬಂತೆಂಬ ವಿವರ, ಇಷ್ಟನ್ನು ಜೊತೆಗೆ ಕೂಡಿಸಿಟ್ಟರೆ ಸ್ಕರ್ಟು ಸಂಗ್ರಹದ ವಸ್ತುವಾಗುತ್ತದೆ. ಇಲ್ಲದಿದ್ದರೆ ಹಳೆಯ ಸ್ಕರ್ಟಾಗಿಯೇ ಉಳಿಯುತ್ತದೆ. ನನ್ನನ್ನು ಕೇಳಿದರೆ ಇದನ್ನು ತೊಡದೆ ಇಡಿ. ತೊಡಲು ಒಗೆಯುವ ಚೀಟಿಯಿರುವ, 1970ರ ದಶಕದ ನಂತರದ ಸ್ಕರ್ಟುಗಳು ಬೇಕಾದಷ್ಟು ಸಿಗುತ್ತವೆ.

ಉಳಿದದ್ದು ನುಸಿಗುಳಿಗೆ. ಬಟ್ಟೆ ತಿನ್ನುವ ನುಸಿಯ ಮರಿಗಳಿಗೆ ಬೇಕಾದದ್ದು ಉಣ್ಣೆ, ರೇಷ್ಮೆ, ಕೂದಲಿನಂಥ ಪ್ರಾಣಿಜನ್ಯ ನಾರು. ಶುಭ್ರವಾದ ಹತ್ತಿಯನ್ನು ಅವು ಮುಟ್ಟುವುದಿಲ್ಲ. ಹತ್ತಿಗೆ ಬರುವುದು ಗಂಜಿಯ ಆಸೆಗೆ ಹರಿದಾಡುವ ಬೆಳ್ಳಿಹುಳು, ಹಾಗಾಗಿ ಇಡುವ ಬಟ್ಟೆಗೆ ಗಂಜಿ ಹಾಕಬಾರದು, ಇಸ್ತ್ರಿ ಮಾಡಿ ಮಡಿಕೆ ಕೂರಿಸಲೂಬಾರದು. ನ್ಯಾಫ್ತಲೀನಿನ ಹಬೆ ಮನುಷ್ಯರಿಗೂ ಒಳ್ಳೆಯದಲ್ಲ, ಕೆಲವು ಮಕ್ಕಳಲ್ಲಿ ಅದು ರಕ್ತಕಣಗಳನ್ನೇ ಒಡೆಯುತ್ತದೆ. ಬೇವಿನೆಲೆ, ಲಾವಂಚ ಇಡುವುದಾದರೆ ಬಟ್ಟೆಗೆ ತಾಗದಂತೆ ಚೀಲದಲ್ಲಿಡಿ, ಅವುಗಳ ಎಣ್ಣೆಯೂ ಕಲೆ ಮಾಡುತ್ತದೆ. ಮರದ ಪೆಟ್ಟಿಗೆ ಆಮ್ಲದ ಹಬೆ ಬಿಡುತ್ತದೆ, ಕಬ್ಬಿಣದ ಟ್ರಂಕು ತುಕ್ಕು ಹಿಡಿಯುತ್ತದೆ; ಆಮ್ಲರಹಿತ ರಟ್ಟಿನ ಪೆಟ್ಟಿಗೆ ಅಲ್ಲಿ ಸುಲಭವಾಗಿ ಸಿಗುತ್ತದೆ, ಅದನ್ನೇ ಕೊಳ್ಳಿ. ಒಗೆದು ಒಗೆದು ಮೆತ್ತಗಾದ ಬಿಳಿ ಪಂಚೆಯಿದ್ದರೆ ಸ್ಕರ್ಟನ್ನು ಅದರಲ್ಲಿ ಸುತ್ತಿ, ಮಡಿಕೆಗಳೊಳಗೆ ಆಮ್ಲರಹಿತ ತೆಳುಕಾಗದವನ್ನು ಸುರುಳಿ ಮಾಡಿ ತುಂಬಿ, ಜಿಪ್ಪಿನ ಲೋಹ ಬಟ್ಟೆಗೆ ತಾಗದಂತೆ ನಡುವೆಯೂ ಒಂದು ಹಾಳೆ ಇಡಿ. ಪೆಟ್ಟಿಗೆ ಅಟ್ಟದಲ್ಲೂ ಬೇಡ, ನೆಲಮಾಳಿಗೆಯಲ್ಲೂ ಬೇಡ, ನೀವು ಮಲಗುವ ಕೋಣೆಯ ಬೀರುವಿನಲ್ಲಿರಲಿ. ವರ್ಷಕ್ಕೊಮ್ಮೆ ಬಿಚ್ಚಿ, ಮಡಿಕೆಯ ಜಾಗ ಬದಲಿಸಿ ಮತ್ತೆ ಇಡಿ; ಜೊತೆಗೆ ಇಡುವ ವಿವರದ ಚೀಟಿಯನ್ನು ಪೆನ್ನಿನಲ್ಲಿ ಬರೆಯಬೇಡಿ, ಸೀಸದಕಡ್ಡಿಯಲ್ಲಿ ಬರೆಯಿರಿ.